ಟ್ಯಾಂಜಿಯರ್: ಎಲ್ಲರಿಗೂ ಬೇಕಾದ ಊರು ಯಾರ ಕೈಯಲ್ಲೂ ಯಾಕೆ ನಿಲ್ಲಲಿಲ್ಲ?

ಕಡಲಂಚು

ಟ್ಯಾಂಜಿಯರ್ ಬಗ್ಗೆ ಇಲ್ಲೊಂದು ಚರ್ಚೆ ಆಗಲಿ ಅಂತ ತುಂಬಾ ದಿನದಿಂದ ಆಸೆ. ಕನ್ನಡದಲ್ಲಿ ಈ ಊರಿನ ಬಗ್ಗೆ ಓದಲು ಸಿಗುವುದು ಕಡಿಮೆ. ಸಿಕ್ಕರೂ 'ಇಬ್ನ್ ಬತೂತ ಹುಟ್ಟಿದ ಊರು' ಎಂಬ ಒಂದು ಸಾಲಿಗೆ ಮುಗಿದುಹೋಗುತ್ತದೆ. ಹೇಳಲು ಅದಕ್ಕಿಂತ ಎಷ್ಟೋ ಜಾಸ್ತಿ ಇದೆ.

ಮೊದಲು ಜಾಗ ಎಲ್ಲಿದೆ ನೋಡಿ. ಮೊರಾಕ್ಕೊದ ಉತ್ತರ ತುದಿ, ಎದುರಿಗೆ ಸ್ಪೇನ್, ನಡುವೆ ಜಿಬ್ರಾಲ್ಟರ್ ಜಲಸಂಧಿ. ಜಲಸಂಧಿ ತೀರಾ ಕಿರಿದಾಗುವ ಕಡೆ ಅಗಲ ಸುಮಾರು 14 ಕಿಲೋಮೀಟರ್ ಅಷ್ಟೇ. ಟ್ಯಾಂಜಿಯರ್ ಇರುವುದು ಆ ಜಲಸಂಧಿಯ ಪಶ್ಚಿಮದ ಬಾಯಲ್ಲಿ. ಊರು ಬಿಟ್ಟು ಇನ್ನೂ ಸ್ವಲ್ಪ ಪಶ್ಚಿಮಕ್ಕೆ ಹೋದರೆ ಸ್ಪಾರ್ಟೆಲ್ ಭೂಶಿರ ಸಿಗುತ್ತದೆ, ಅಲ್ಲಿ 1864ರ ದೀಪಸ್ತಂಭ ಇದೆ. ಅದರಾಚೆ ಅಟ್ಲಾಂಟಿಕ್. ಪೂರ್ವಕ್ಕೆ ತಿರುಗಿದರೆ ಮೆಡಿಟರೇನಿಯನ್. ಊರಿನ ಮುಂದೆ ಅರ್ಧಚಂದ್ರದ ಹಾಗೆ ಒಂದು ಕೊಲ್ಲಿ. ಕೊಲ್ಲಿಯ ಪಶ್ಚಿಮ ತುದಿಯ ಗುಡ್ಡದ ಮೇಲೆ ಹಳೇ ಪೇಟೆ, ಅದರ ನೆತ್ತಿಯಲ್ಲಿ ಕಸ್ಬಾ, ಅಂದರೆ ಕೋಟೆ.

ಇಷ್ಟು ಒಳ್ಳೆಯ ಜಾಗ ಅಂದಮೇಲೆ ಯಾರು ಬಿಡುತ್ತಾರೆ? ಫಿನೀಷಿಯನ್ನರು ಬಂದರು, ಕಾರ್ತೇಜಿನವರು ಬಂದರು. ಆಮೇಲೆ ರೋಮನ್ನರು. ಊರಿನ ಆಗಿನ ಹೆಸರು ಟಿಂಜಿಸ್, ಆ ಹೆಸರಿನ ಮೇಲೆಯೇ ಇಡೀ ಪ್ರಾಂತ್ಯಕ್ಕೆ ಮೌರೆಟಾನಿಯಾ ಟಿಂಜಿಟಾನಾ ಎಂದು ಕರೆದರು. ಬೈಜಾಂಟಿಯನ್ನರ ನಂತರ, 8ನೇ ಶತಮಾನದ ಆರಂಭದಲ್ಲಿ ಅರಬರು. 711ರಲ್ಲಿ ಸ್ಪೇನಿಗೆ ಸೈನ್ಯ ದಾಟಿಸಿದ ತಾರಿಕ್ ಇಬ್ನ್ ಜಿಯಾದ್ ಅದಕ್ಕೂ ಮುಂಚೆ ಇದೇ ಟ್ಯಾಂಜಿಯರಿನ ಅಧಿಕಾರಿಯಾಗಿದ್ದವನು. 1471ರಲ್ಲಿ ಪೋರ್ಚುಗೀಸರು ಹಿಡಿದರು. 1662ರಲ್ಲಿ ಇಂಗ್ಲಿಷರ ಕೈಗೆ ಬಂತು, 1684ರಲ್ಲಿ ಅವರೂ ಬಿಟ್ಟು ಹೋದರು. 1923ರ ಒಪ್ಪಂದದ ನಂತರ ಹಲವು ದೇಶಗಳು ಸೇರಿ ಆಳಿದ 'ಅಂತರರಾಷ್ಟ್ರೀಯ ವಲಯ' ಆಯಿತು. 1956ರಲ್ಲಿ ಮೊರಾಕ್ಕೊಗೆ ಮರಳಿತು.

ನನ್ನ ಪ್ರಶ್ನೆ ಇದು. ಎಲ್ಲರೂ ಹೊಡೆದಾಡಿ ಹಿಡಿದ ಊರು. ಆದರೆ ಹಿಡಿದವರಲ್ಲಿ ಯಾರಿಗೂ ಅದರಿಂದ ದೊಡ್ಡ ಲಾಭ ಆದಂತೆ ಕಾಣುವುದಿಲ್ಲ. ವೆನಿಸ್ ಆಗಲಿಲ್ಲ, ಅಲೆಕ್ಸಾಂಡ್ರಿಯಾ ಆಗಲಿಲ್ಲ. ಮೊರಾಕ್ಕೊದ ದೊಡ್ಡ ರಾಜಮನೆತನಗಳೂ ಫೆಸ್, ಮರಾಕೆಶ್, ಮೆಕ್ನೆಸ್ ಅಂತ ಒಳನಾಡಿನಲ್ಲೇ ರಾಜಧಾನಿ ಮಾಡಿಕೊಂಡವು. ಯಾಕೆ? ನಿಮ್ಮ ಅಭಿಪ್ರಾಯ ಹೇಳಿ.

ಹಡಗಿನವ

ನಾನು ವ್ಯಾಪಾರಿ ಹಡಗಿನಲ್ಲಿ ಕೆಲಸ ಮಾಡಿದವನು. ನನ್ನ ಉತ್ತರ ಸರಳ: ಗಾಳಿ.

ನಕಾಶೆಯಲ್ಲಿ ಆ ಕೊಲ್ಲಿ ಚೆನ್ನಾಗಿ ಕಾಣುತ್ತದೆ, ಆದರೆ ಅದರ ಬಾಯಿ ತೆರೆದಿರುವುದು ಉತ್ತರ ಮತ್ತು ಈಶಾನ್ಯಕ್ಕೆ. ಜಲಸಂಧಿಯಲ್ಲಿ ಪೂರ್ವದಿಂದ ಬೀಸುವ ಗಾಳಿಗೆ ಅಲ್ಲಿನ ಜನ ಶೆರ್ಗಿ ಅನ್ನುತ್ತಾರೆ. ಎರಡೂ ದಡದಲ್ಲಿ ಗುಡ್ಡಗಳಿವೆ. ಗಾಳಿ ಆ ಸಂದಿಯಲ್ಲಿ ನುಗ್ಗಿ ಬರುವಾಗ ವೇಗ ಇನ್ನೂ ಏರುತ್ತದೆ. ಒಮ್ಮೆ ಹಿಡಿದರೆ ದಿನಗಟ್ಟಲೆ ಬಿಡುವುದಿಲ್ಲ. ಹಾಯಿ ಹಡಗಿನ ಕಾಲದಲ್ಲಿ ಆ ಕೊಲ್ಲಿಯಲ್ಲಿ ಲಂಗರು ಹಾಕಿದವರ ಪಾಡು ಏನಾಗಿರಬೇಕು ನೀವೇ ಯೋಚಿಸಿ.

ಇನ್ನೊಂದು, ನೀರಿನ ಹರಿವು. ಮೆಡಿಟರೇನಿಯನ್‌ನಲ್ಲಿ ಆವಿಯಾಗುವ ನೀರು ಜಾಸ್ತಿ, ನದಿ ಮತ್ತು ಮಳೆಯಿಂದ ಬರುವುದು ಕಮ್ಮಿ. ಆ ಕೊರತೆ ತುಂಬಲು ಅಟ್ಲಾಂಟಿಕ್ ನೀರು ಮೇಲ್ಪದರದಲ್ಲಿ ಸದಾ ಒಳಗೆ ಹರಿಯುತ್ತಿರುತ್ತದೆ. ಉಪ್ಪು ಜಾಸ್ತಿಯಾಗಿ ಭಾರವಾದ ಒಳಗಿನ ನೀರು ತಳದಲ್ಲಿ ಹೊರಕ್ಕೆ ಹೋಗುತ್ತದೆ. ಒಂದೇ ಜಾಗದಲ್ಲಿ ಮೇಲೊಂದು ದಿಕ್ಕು, ಕೆಳಗೊಂದು ದಿಕ್ಕು. ಹಾಯಿ ಹಡಗು ಒಳಗೆ ಬರುವುದು ಸಲೀಸು. ಹೊರಗೆ ಹೋಗಬೇಕಾದರೆ ಅದೇ ಶೆರ್ಗಿ ಬೀಸಲಿ ಅಂತ ಕಾಯಬೇಕು. ಅಂದರೆ ಬಂದರಿಗೆ ಕಾಟ ಕೊಡುವ ಗಾಳಿಯೇ ಹೊರಗೆ ಹೋಗುವ ಹಡಗಿಗೆ ಬೇಕು. ಇಂಥ ಜಾಗದಲ್ಲಿ ಬಂದರು ಕಟ್ಟಿ ನಡೆಸುವುದು ಸುಮ್ನೆ ಮಾತಲ್ಲ.

ಕಡಲಂಚು

ಗಾಳಿಯ ವಿಷಯ ಒಪ್ಪುತ್ತೇನೆ. ಆದರೆ ಅದೊಂದೇ ಕಾರಣ ಅನ್ನಿಸುವುದಿಲ್ಲ. ಗಾಳಿ ಕೆಟ್ಟದಾಗಿದ್ದೂ ದೊಡ್ಡದಾಗಿ ಬೆಳೆದ ಬಂದರುಗಳಿವೆ. ದುಡ್ಡು ಬರುತ್ತದೆ ಅಂದರೆ ಮನುಷ್ಯ ಗೋಡೆ ಕಟ್ಟಿ ಅಲೆ ತಡೆಯುತ್ತಾನೆ.

ರೋಮನ್ನರ ಕಾಲದ ಒಂದು ಸಂಗತಿ ಗಮನಿಸಿ. 3ನೇ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಆಡಳಿತವನ್ನು ಹೊಸದಾಗಿ ಹಂಚಿದಾಗ ಟಿಂಜಿಟಾನಾವನ್ನು ಆಫ್ರಿಕಾದ ಉಳಿದ ಪ್ರಾಂತ್ಯಗಳ ಜೊತೆ ಸೇರಿಸಲಿಲ್ಲ. ಸ್ಪೇನಿನ ಜೊತೆ ಸೇರಿಸಿದ. ಪೂರ್ವಕ್ಕೆ, ಈಗಿನ ಅಲ್ಜೀರಿಯಾ ಕಡೆಗೆ ಹೋಗುವ ನೆಲದ ದಾರಿಗೆ ರಿಫ್ ಬೆಟ್ಟಗಳು ಅಡ್ಡ. ಸ್ಪೇನಿಗೆ ಹೋಗಲು ದೋಣಿ ಸಾಕು. ಆಳುವವರ ಕಣ್ಣಿಗೆ ಆ ಊರು ಆಫ್ರಿಕಾದ ನೆಲದಲ್ಲಿದ್ದರೂ ಸ್ಪೇನಿನ ಒಂದು ಅಂಚು. ನನ್ನ ಪ್ರಶ್ನೆಗೆ ಉತ್ತರ ಇಲ್ಲೇ ಎಲ್ಲೋ ಇದೆ ಅನ್ನುವುದು ನನ್ನ ಗುಮಾನಿ.

ಹೊನ್ನಾವರದ ಮೇಷ್ಟ್ರು

ಒಳ್ಳೆಯ ಚರ್ಚೆ. ಇಬ್ನ್ ಬತೂತನ ಹೆಸರು ಬಂದಮೇಲೆ ನಮ್ಮೂರಿನ ಹೆಸರು ಬರದಿದ್ದರೆ ಹೇಗೆ?

ಅವನು ಟ್ಯಾಂಜಿಯರಿನಲ್ಲಿ ಹುಟ್ಟಿದ್ದು 1304ರಲ್ಲಿ. ನ್ಯಾಯಾಧೀಶರ ಮನೆತನ. 21ನೇ ವಯಸ್ಸಿನಲ್ಲಿ, 1325ರಲ್ಲಿ, ಹಜ್ ಯಾತ್ರೆಗೆಂದು ಒಬ್ಬನೇ ಹೊರಟ. ಮತ್ತೆ ಊರಿಗೆ ಬಂದದ್ದು 24 ವರ್ಷದ ಮೇಲೆ. ನಡುವೆ ದಿಲ್ಲಿಯಲ್ಲಿ ಮಹಮ್ಮದ್ ಬಿನ್ ತುಘಲಕ್‌ನ ಹತ್ತಿರ ಕಾಜಿಯಾಗಿದ್ದ. ಸುಲ್ತಾನ ಅವನನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದಾಗ, 1340ರ ದಶಕದ ಆರಂಭದಲ್ಲಿ, ನಮ್ಮ ಕರಾವಳಿಗೆ ಬಂದ. ಹೊನ್ನಾವರ, ಬಸ್ರೂರು, ಬಾರ್ಕೂರು, ಮಂಗಳೂರು, ನಾಲ್ಕೂ ಅವನ ಪ್ರವಾಸಕಥನದಲ್ಲಿವೆ.

ಹೊನ್ನಾವರ ದೊಡ್ಡ ಅಳಿವೆಯ ಮೇಲಿದೆ, ಸಮುದ್ರದಿಂದ ಅರ್ಧ ಮೈಲಿ ಒಳಗಿದೆ ಎನ್ನುತ್ತಾನೆ. ಹೆಣ್ಣುಮಕ್ಕಳ ಶಾಲೆ 13, ಗಂಡುಮಕ್ಕಳ ಶಾಲೆ 23 ನೋಡಿದೆ ಎಂದು ಬರೆಸಿದ್ದಾನೆ. ಇಷ್ಟು ಹೆಣ್ಣುಮಕ್ಕಳ ಶಾಲೆ ಕಂಡು ಅವನಿಗೇ ಆಶ್ಚರ್ಯ. ಊರಿನ ಅಧಿಪತಿ ಜಮಾಲುದ್ದೀನ್. ಅವನು 'ಹರ್ಯಬ್' ಎಂಬ ದೊರೆಯ ಕೈಕೆಳಗಿದ್ದ ಎಂದೂ ಹೇಳುತ್ತಾನೆ. ಅದು ವಿಜಯನಗರದ ಹರಿಹರ ಎಂದೇ ಇತಿಹಾಸಕಾರರು ಗುರುತಿಸುತ್ತಾರೆ. ರಾಜ್ಯ ಹುಟ್ಟಿ ಕೆಲವೇ ವರ್ಷ ಆಗಿತ್ತು ನೋಡಿ.

ಊಟದ ವರ್ಣನೆ ಅಂತೂ ನಮ್ಮ ಮನೆಯದ್ದೇ. ತಾಮ್ರದ ದೊಡ್ಡ ತಟ್ಟೆ. ರೇಷ್ಮೆ ಉಟ್ಟ ಹೆಂಗಸು ಸೌಟಿನಲ್ಲಿ ಅನ್ನ ಬಡಿಸಿ ಮೇಲೆ ತುಪ್ಪ ಹಾಕುತ್ತಾಳೆ. ಪಕ್ಕದಲ್ಲಿ ಕಾಳುಮೆಣಸಿನ ಗೊನೆ, ಹಸಿ ಶುಂಠಿ, ನಿಂಬೆ, ಮಾವು, ಎಲ್ಲದರ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಹಿಂದೆಯೇ ಒಂದು ಚೂರು ಉಪ್ಪಿನಕಾಯಿ. ಮತ್ತೊಂದು ಸೌಟು ಅನ್ನ, ಅದಕ್ಕೆ ಕೋಳಿ. ಆಮೇಲೆ ಮೀನಿಗೆ ಮತ್ತೆ ಅನ್ನ. ಆಮೇಲೆ ತರಕಾರಿ. ಕೊನೆಗೆ ಮೊಸರು. ಕುಡಿಯಲು ಬಿಸಿನೀರು, ಮಳೆಗಾಲದಲ್ಲಿ ತಣ್ಣೀರು ಆಗಿಬರುವುದಿಲ್ಲ ಅಂತ. ಮುಂದೊಮ್ಮೆ ಇದೇ ಹೊನ್ನಾವರದಲ್ಲಿ 11 ತಿಂಗಳು ರೊಟ್ಟಿಯ ಮುಖವನ್ನೇ ನೋಡದೆ ಕಳೆದೆ ಅನ್ನುತ್ತಾನೆ. ಗೋಧಿ ರೊಟ್ಟಿ ತಿಂದು ಬೆಳೆದ ಟ್ಯಾಂಜಿಯರಿನವನಿಗೆ ಅದು ಸಣ್ಣ ವಿಷಯವಲ್ಲ.

ಪ್ರಶ್ನೆಪೆಟ್ಟಿಗೆ

ಮೇಷ್ಟ್ರೇ, ಇದು ಗೊತ್ತೇ ಇರಲಿಲ್ಲ. ಅವನು ಊರಿಗೆ ವಾಪಸ್ ಹೋದಾಗ ಏನಾಯಿತು?

ಹೊನ್ನಾವರದ ಮೇಷ್ಟ್ರು

ಅದು ದುಃಖದ ಕಥೆ. ಪ್ಲೇಗ್ ಹಬ್ಬಿದ್ದ ಕಾಲ. ತಂದೆ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು ಅಂತ ದಾರಿಯಲ್ಲಿ, ಡಮಾಸ್ಕಸ್‌ನಲ್ಲಿ ತಿಳಿಯಿತು. ತಾಯಿ ಮಾತ್ರ ಅವನು ತಲುಪುವುದಕ್ಕೆ ಸ್ವಲ್ಪ ಮುಂಚೆ ಪ್ಲೇಗ್‌ಗೆ ಬಲಿಯಾಗಿದ್ದಳು. 1349ರಲ್ಲಿ ಟ್ಯಾಂಜಿಯರಿಗೆ ಬಂದು ತಾಯಿಯ ಸಮಾಧಿ ನೋಡಿದ. ಅಲ್ಲಿ ಜಾಸ್ತಿ ದಿನ ನಿಲ್ಲಲಿಲ್ಲ. ಜಲಸಂಧಿಯ ಪೂರ್ವ ತುದಿಯ ಬಂದರು ಸೆಯುಟಾಗೆ ಹೋದ, ಸ್ಪೇನಿಗೆ ದಾಟಿದ, ಆಮೇಲೆ ಸಹಾರಾ ದಾಟಿ ಮಾಲಿಗೂ ಹೋಗಿ ಬಂದ. ಕೊನೆಗೆ ಫೆಸ್‌ನಲ್ಲಿ ಸುಲ್ತಾನನ ಆಜ್ಞೆಯಂತೆ ಇಬ್ನ್ ಜುಜಯ್ಯ್ ಎಂಬ ವಿದ್ವಾಂಸನಿಗೆ ತನ್ನ ಕಥೆ ಹೇಳಿ ಬರೆಸಿದ. ಹಳೇ ಪೇಟೆಯ ಒಂದು ಓಣಿಯಲ್ಲಿ ಅವನದು ಎನ್ನುವ ಸಣ್ಣ ಗೋರಿ ಇದೆ. ಊರಿನ ವಿಮಾನ ನಿಲ್ದಾಣಕ್ಕೂ ಅವನದೇ ಹೆಸರು.

ಕಡಲಂಚು

ಮೇಷ್ಟ್ರೇ, ನೀವು ಹೇಳಿದ್ದರಲ್ಲೇ ನನ್ನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು.

ಹೊನ್ನಾವರದ ಹಿಂದೆ ಏನಿತ್ತು? ಶರಾವತಿ. ಹೊಳೆಯುದ್ದಕ್ಕೂ ಮೇಲಕ್ಕೆ ಹೋದರೆ ಗೇರುಸೊಪ್ಪೆ, ಅದರಾಚೆ ಘಟ್ಟ, ಘಟ್ಟದ ತುಂಬ ಮೆಣಸಿನ ಬಳ್ಳಿ. ಮೆಣಸು ದೋಣಿಯಲ್ಲಿ ಇಳಿದು ಬರುತ್ತಿತ್ತು. ಬಸ್ರೂರಿನ ಹಿಂದೆ ಗದ್ದೆಗಳಿದ್ದವು, ಅಕ್ಕಿ ಇತ್ತು. ಮಂಗಳೂರಿನಲ್ಲಿ ಪರ್ಷಿಯಾ, ಯೆಮೆನ್ ವ್ಯಾಪಾರಿಗಳು ಇಳಿಯುತ್ತಿದ್ದರು, ಅಲ್ಲಿ ಮೆಣಸು ಶುಂಠಿ ಹೇರಳ ಅಂತ ಇಬ್ನ್ ಬತೂತನೇ ಹೇಳುತ್ತಾನೆ. ಹಡಗು ಅಲ್ಲಿಗೆ ಬರುತ್ತಿದ್ದದ್ದು ಸರಕಿಗಾಗಿ.

ಟ್ಯಾಂಜಿಯರಿನ ಹಿಂದೆ ಅಂಥದ್ದು ಇರಲಿಲ್ಲ. ಹಿಂದೆ ಗುಡ್ಡಗಾಡು. ಅಲ್ಲಿನ ಜನ ಯಾರಿಗೂ ಸುಲಭಕ್ಕೆ ಬಗ್ಗುವವರಲ್ಲ. 740ರ ಹೊತ್ತಿನಲ್ಲಿ ಅರಬ್ ಖಲೀಫರ ವಿರುದ್ಧದ ದೊಡ್ಡ ಬರ್ಬರ್ ದಂಗೆ ಶುರುವಾದದ್ದೇ ಟ್ಯಾಂಜಿಯರಿನಲ್ಲಿ. ಮೊರಾಕ್ಕೊದ ಫಲವತ್ತಾದ ಬಯಲು ಇನ್ನೂ ದಕ್ಷಿಣಕ್ಕಿದೆ. ಸಹಾರಾ ದಾಟಿ ಬಂದ ಚಿನ್ನ ಮರುಭೂಮಿಯ ಅಂಚಿನ ಪೇಟೆ ಸಿಜಿಲ್ಮಾಸ, ಆಮೇಲೆ ಫೆಸ್ ದಾರಿಯಲ್ಲಿ ಬಂದು ಎಲ್ಲಿ ಬೇಕೋ ಅಲ್ಲಿ ಕಡಲಿಗೆ ಇಳಿಯುತ್ತಿತ್ತು. 1415ರಲ್ಲಿ ಪೋರ್ಚುಗೀಸರು ಸೆಯುಟಾ ಹಿಡಿದಾಗ ಚಿನ್ನದ ವ್ಯಾಪಾರವೂ ಕೈಗೆ ಬಂತು ಅಂದುಕೊಂಡರು. ಊರು ಬಂತು, ಒಂಟೆ ಸಾಲುಗಳು ಬರಲಿಲ್ಲ. ಟ್ಯಾಂಜಿಯರಿನಲ್ಲಿ ಆದದ್ದೂ ಅದೇ. 1437ರಲ್ಲಿ ರಾಜಕುಮಾರ ಹೆನ್ರಿ ಮುತ್ತಿಗೆ ಹಾಕಿ ಸೋತು, ತಮ್ಮ ಫರ್ಡಿನಾಂಡ್‌ನನ್ನೇ ಒತ್ತೆಯಾಗಿ ಬಿಟ್ಟು ಬಂದ. ಆ ತಮ್ಮ ಫೆಸ್‌ನ ಸೆರೆಯಲ್ಲೇ 1443ರಲ್ಲಿ ಸತ್ತ. ಕೊನೆಗೆ 1471ರಲ್ಲಿ ಪಕ್ಕದ ಅಸೀಲಾ ಬಿದ್ದದ್ದು ನೋಡಿ ಟ್ಯಾಂಜಿಯರಿನ ಜನ ಊರು ಖಾಲಿ ಮಾಡಿದರು, ಪೋರ್ಚುಗೀಸರು ಒಳಗೆ ಬಂದರು. ಆಮೇಲೆ ಹೆಚ್ಚೂಕಮ್ಮಿ 190 ವರ್ಷ ಗೋಡೆಯ ಒಳಗೇ ಕೂತರು. ಅವರಿಗೆ ಬಾಗಿಲು ಸಿಕ್ಕಿತು, ಮನೆ ಸಿಗಲಿಲ್ಲ.

ಮುಂಬಯಿ ಕನ್ನಡತಿ

ಇದನ್ನು ಓದುತ್ತಾ ನನಗೆ ನಮ್ಮ ಮುಂಬಯಿ ನೆನಪಾಗದೆ ಇರಲಿಲ್ಲ. ಎರಡೂ ಊರು ಒಂದೇ ಮದುವೆಯಲ್ಲಿ ಕೈ ಬದಲಾಯಿಸಿದವು!

1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೂ ಪೋರ್ಚುಗಲ್‌ನ ರಾಜಕುಮಾರಿ ಬ್ರಗಾಂಜಾದ ಕ್ಯಾಥರೀನ್‌ಗೂ ಮದುವೆ ಒಪ್ಪಂದ ಆಯಿತು. ವರದಕ್ಷಿಣೆಯಲ್ಲಿ ದುಡ್ಡಿನ ಜೊತೆ ಟ್ಯಾಂಜಿಯರ್ ಮತ್ತು ಮುಂಬಯಿ. ಆಗ ಲಂಡನ್ನಿನಲ್ಲಿ ಎಲ್ಲರ ಕಣ್ಣು ಟ್ಯಾಂಜಿಯರ್ ಮೇಲೆ. ಮೆಡಿಟರೇನಿಯನ್ ಬಾಯಿ ನಮ್ಮ ಕೈಗೆ ಬಂತು ಅಂತ ಸಂಭ್ರಮ. ಮುಂಬಯಿ ಯಾರಿಗೂ ಅಷ್ಟಾಗಿ ಬೇಕಿರಲಿಲ್ಲ. ಅದನ್ನು ವಹಿಸಿಕೊಳ್ಳುವುದೇ 1665ರವರೆಗೆ ಎಳೆಯಿತು. 1668ರಲ್ಲಿ ದೊರೆ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಕೊಟ್ಟುಬಿಟ್ಟ.

ಟ್ಯಾಂಜಿಯರಿಗೆ ಮಾತ್ರ ದುಡ್ಡು ಸುರಿದರು. ಹಡಗಿನವರು ಹೇಳಿದ ಗಾಳಿಗೆ ಉತ್ತರವಾಗಿ ಕಡಲೊಳಗೆ ಅಲೆ ತಡೆಯುವ ಒಂದು ಭಾರಿ ಬ್ರೇಕ್‌ವಾಟರ್ ಕಟ್ಟಲು ಹೊರಟರು. ಮೊದಲು ಕಲ್ಲು ಸುರಿದು ಕಟ್ಟಿದರು, ಬಿರುಗಾಳಿಗೆ ನಿಲ್ಲಲಿಲ್ಲ. ಆಮೇಲೆ ಹೆನ್ರಿ ಶೀರ್ಸ್ ಎಂಬ ಎಂಜಿನಿಯರ್ ಜಿನೋವಾ ಬಂದರಿನ ಪದ್ಧತಿ ತಂದ. ಮರದ ದೊಡ್ಡ ದೊಡ್ಡ ಪೆಟ್ಟಿಗೆಗಳನ್ನು ನೀರಲ್ಲಿ ಮುಳುಗಿಸಿ, ಒಳಗೆ ಕಲ್ಲು ಗಾರೆ ತುಂಬಿ, ಒಂದರ ಪಕ್ಕ ಒಂದು ಕೂರಿಸುತ್ತಾ ಹೋಗುವುದು. ಆ ಗೋಡೆ ಕಡಲೊಳಗೆ 400 ಮೀಟರಿಗೂ ಜಾಸ್ತಿ ಹೋಯಿತು.

ಅಷ್ಟಾದರೂ ಉಳಿಯಲಿಲ್ಲ. ಒಳನಾಡಿನಿಂದ ಸುಲ್ತಾನ ಮೌಲಾಯ್ ಇಸ್ಮಾಯಿಲ್‌ನ ಸೈನ್ಯದ ಕಾಟ. ಇಂಗ್ಲೆಂಡಿನ ಪಾರ್ಲಿಮೆಂಟ್ ದುಡ್ಡು ಕೊಡಲು ಒಪ್ಪಲಿಲ್ಲ. ದೊರೆ ಅಲ್ಲಿ ಕ್ಯಾಥೊಲಿಕ್ ಸೈನ್ಯ ಸಾಕುತ್ತಿದ್ದಾನೆ ಎಂಬ ಅನುಮಾನ ಬೇರೆ. 1683ರಲ್ಲಿ ಊರು ಬಿಡಲು ತೀರ್ಮಾನ ಆಯಿತು. ದಿನಚರಿಗೆ ಹೆಸರಾದ ಸ್ಯಾಮ್ಯುಯೆಲ್ ಪೀಪ್ಸ್ ಕೂಡ ಆ ತಂಡದಲ್ಲಿ ಬಂದಿದ್ದ. 20 ವರ್ಷ ಕಟ್ಟಿದ ಬ್ರೇಕ್‌ವಾಟರನ್ನು ಶತ್ರುವಿಗೆ ಸಿಗಬಾರದೆಂದು ತಾವೇ ಮದ್ದು ಇಟ್ಟು ಒಡೆದರು. ಒಡೆಯುವುದಕ್ಕೇ ತಿಂಗಳುಗಟ್ಟಲೆ ಹಿಡಿಯಿತು, ಅಷ್ಟು ಗಟ್ಟಿಯಾಗಿತ್ತು. 1684ರ ಆರಂಭದಲ್ಲಿ ಹೊರಟುಹೋದರು. ಅದಾಗಿ ಮೂರೇ ವರ್ಷಕ್ಕೆ, 1687ರಲ್ಲಿ, ಕಂಪನಿ ತನ್ನ ಮುಖ್ಯ ಠಾಣೆಯನ್ನು ಸೂರತ್‌ನಿಂದ ಮುಂಬಯಿಗೆ ತಂದಿತು.

ಪ್ರಶ್ನೆಪೆಟ್ಟಿಗೆ

ಅಕ್ಕಾ, ಆದರೆ ಅದೇ ಇಂಗ್ಲಿಷರು ಎದುರು ದಡದ ಜಿಬ್ರಾಲ್ಟರ್ ಹಿಡಿದು ಇವತ್ತಿಗೂ ಇಟ್ಟುಕೊಂಡಿದ್ದಾರಲ್ಲ? ಅದಕ್ಕೂ ಹಿನ್ನಾಡು, ಅಂದರೆ ಸರಕು ಕೊಡುವ ಹಿಂದಿನ ನೆಲ, ಇಲ್ಲ. ಹಾಗಾದರೆ ಕಡಲಂಚು ಅವರ ವಾದ ನಿಲ್ಲುತ್ತದಾ?

ಹಡಗಿನವ

ಜಿಬ್ರಾಲ್ಟರ್ ಒಂದು ಬಂಡೆ. ಮೂರು ಕಡೆ ನೀರು, ಒಂದು ಕಡೆ ಮಾತ್ರ ಸಪೂರವಾದ ನೆಲ. ಅದನ್ನು ಕಾಯಲು ಕಡಿಮೆ ಜನ ಸಾಕು. ಟ್ಯಾಂಜಿಯರ್ ಹಾಗಲ್ಲ. ಸುತ್ತಲೂ ಅದಕ್ಕಿಂತ ಎತ್ತರದ ಗುಡ್ಡಗಳಿವೆ. ಗುಡ್ಡದ ಮೇಲೆ ತೋಪು ತಂದಿಟ್ಟರೆ ಊರು ಮುಗಿಯಿತು.

ಕಡಲಂಚು

ಪ್ರಶ್ನೆ ಸರಿಯಾದದ್ದೇ. ಹಡಗಿನವರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 1704ರಲ್ಲಿ ಜಿಬ್ರಾಲ್ಟರ್ ಹಿಡಿದ ಮೇಲೆ ಅಲ್ಲಿನ ಸೈನಿಕರಿಗೆ ಬೇಕಾದ ದನ, ತರಕಾರಿ ಎಲ್ಲಿಂದ ಬರುತ್ತಿತ್ತು? ಸ್ಪೇನ್ ಜೊತೆ ಜಗಳ ಆದಾಗಲೆಲ್ಲ ಮೊರಾಕ್ಕೊದಿಂದ, ಅದರಲ್ಲೂ ಟ್ಯಾಂಜಿಯರ್ ಕಡೆಯಿಂದ. ಅಂದರೆ ಟ್ಯಾಂಜಿಯರನ್ನು ಆಳುವುದಕ್ಕಿಂತ ಅದರ ಜೊತೆ ಸ್ನೇಹ ಇಟ್ಟುಕೊಳ್ಳುವುದು ಬ್ರಿಟಿಷರಿಗೆ ಅಗ್ಗವಾಗಿತ್ತು. ಅಲ್ಲಿಂದ ಮುಂದೆ ಅವರ ನೀತಿ ಒಂದೇ: ನಮಗೆ ಬೇಡ, ಆದರೆ ಫ್ರಾನ್ಸಿಗೋ ಸ್ಪೇನಿಗೋ ಸಿಗಬಾರದು. 20ನೇ ಶತಮಾನದ ಅಂತರರಾಷ್ಟ್ರೀಯ ವಲಯದ ಬೇರು ಇರುವುದು ಈ ಹಟದಲ್ಲಿ.

ಸುಲ್ತಾನರೂ ಈ ಊರನ್ನು ತಮಗೆ ಬೇಕಾದ ಹಾಗೆ ಬಳಸಿಕೊಂಡರು. ಪರದೇಶದ ರಾಯಭಾರಿಗಳು ಫೆಸ್‌ಗೆ ಬರುವುದು ಅವರಿಗೆ ಬೇಕಿರಲಿಲ್ಲ. 'ಟ್ಯಾಂಜಿಯರಿನಲ್ಲೇ ಇರಿ' ಅಂದರು. 19ನೇ ಶತಮಾನದಲ್ಲಿ ಅದು ಮೊರಾಕ್ಕೊದ ರಾಜತಾಂತ್ರಿಕ ರಾಜಧಾನಿಯೇ ಆಯಿತು. 1777ರಲ್ಲೇ ಅಮೆರಿಕದ ಹಡಗುಗಳಿಗೆ ಬಂದರು ತೆರೆದ ದೇಶ ಮೊರಾಕ್ಕೊ. 1821ರಲ್ಲಿ ಸುಲ್ತಾನ ಮೌಲಾಯ್ ಸುಲೈಮಾನ್ ಹಳೇ ಪೇಟೆಯಲ್ಲಿ ಅಮೆರಿಕಕ್ಕೆ ಒಂದು ಕಟ್ಟಡವನ್ನೇ ದಾನ ಕೊಟ್ಟ. ಅಮೆರಿಕ ಸರ್ಕಾರ ಹೊರದೇಶದಲ್ಲಿ ಪಡೆದ ಮೊದಲ ಆಸ್ತಿ ಅದು. ಈಗ ಮ್ಯೂಸಿಯಂ ಆಗಿದೆ. 1905ರ ಮಾರ್ಚ್ 31ರಂದು ಜರ್ಮನಿಯ ಕೈಸರ್ ವಿಲ್‌ಹೆಲ್ಮ್ ಇದೇ ಊರಿಗೆ ಬಂದಿಳಿದು, ಫ್ರಾನ್ಸಿಗೆ ಎದುರಾಗಿ, ಸುಲ್ತಾನನ ಸ್ವಾತಂತ್ರ್ಯದ ಪರ ಮಾತಾಡಿದಾಗ ಯೂರೋಪ್ ಯುದ್ಧದ ಅಂಚಿಗೆ ಹೋಗಿತ್ತು.

ಅಂಚೆಚೀಟಿ ಅಜ್ಜ

ನನಗೆ ಟ್ಯಾಂಜಿಯರ್ ಪರಿಚಯ ಆದದ್ದು ಅಂಚೆಚೀಟಿಯಿಂದ. ನನ್ನ ಆಲ್ಬಮ್ಮಿನಲ್ಲಿ ಒಂದು ಬ್ರಿಟಿಷ್ ಚೀಟಿ ಇದೆ. ಆರನೇ ಜಾರ್ಜ್ ದೊರೆಯ ಮುಖ, ಅದರ ಮೇಲೆ ಕಪ್ಪು ಶಾಯಿಯಲ್ಲಿ 'ಟ್ಯಾಂಜಿಯರ್' ಅಂತ ಅಡ್ಡಕ್ಕೆ ಮೇಲಚ್ಚು. ಪಕ್ಕದ ಪುಟದಲ್ಲಿ ಸ್ಪೇನಿನವರು ಅದೇ ಊರಿಗೆ ಹಾಕಿದ ಚೀಟಿ, ಇನ್ನೊಂದು ಫ್ರೆಂಚರದ್ದು. ಒಂದೇ ಊರಿನಲ್ಲಿ ಮೂರು ದೇಶದ ಅಂಚೆ ಕಚೇರಿ! ಹುಡುಗನಾಗಿದ್ದಾಗ ಅದು ಹೇಗೆ ಸಾಧ್ಯ ಅಂತ ಅರ್ಥವೇ ಆಗುತ್ತಿರಲಿಲ್ಲ. ಆ ಕಾಲ ಟ್ಯಾಂಜಿಯರಿನ ಸುವರ್ಣಯುಗ ಅಂತ ಎಲ್ಲ ಕಡೆ ಓದಿದ್ದೇನೆ. ಕಡಲಂಚು ಅವರು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದು ನ್ಯಾಯ ಅಲ್ಲ.

ಕಡಲಂಚು

ಅಜ್ಜಾ, ಆ ಚೀಟಿಗಳ ಫೋಟೋ ದಯವಿಟ್ಟು ಹಾಕಿ.

ಆ ಕಾಲ ನಿಜಕ್ಕೂ ವಿಚಿತ್ರವಾಗಿತ್ತು. ಆದಾಯ ತೆರಿಗೆ ಇಲ್ಲ. ಯಾವ ದೇಶದ ನೋಟು ಬೇಕಾದರೂ ಬದಲಾಯಿಸಬಹುದು. ಚಿನ್ನದ ಮುಕ್ತ ಮಾರುಕಟ್ಟೆ. ಬ್ಯಾಂಕುಗಳೋ ಬ್ಯಾಂಕುಗಳು. ಸಿಂಧಿ ವ್ಯಾಪಾರಿಗಳು ಕೂಡ ಅಂಗಡಿ ಇಟ್ಟಿದ್ದರು, ಜಿಬ್ರಾಲ್ಟರಿನಲ್ಲಿ ಇದ್ದ ಹಾಗೆಯೇ. ಅರಬಿ, ಸ್ಪ್ಯಾನಿಶ್, ಫ್ರೆಂಚ್, ಜೊತೆಗೆ ಅಲ್ಲಿನ ಯಹೂದಿಗಳ ಹಕೇತಿಯಾ, ಎಲ್ಲವೂ ಒಂದೇ ಬೀದಿಯಲ್ಲಿ. 1940ರ ಜೂನ್ 14ರಂದು, ಜರ್ಮನ್ನರು ಪ್ಯಾರಿಸ್ ಹೊಕ್ಕ ದಿನವೇ, ಸ್ಪೇನ್ ಈ ವಲಯವನ್ನು ಆಕ್ರಮಿಸಿತು. 1945ರಲ್ಲಿ ಬಿಟ್ಟಿತು.

ಆದರೆ ಸುವರ್ಣಯುಗ ಅನ್ನಲು ನನಗೆ ಮನಸ್ಸು ಬರುವುದಿಲ್ಲ. ವಲಯದ ಶಾಸನಸಭೆಯಲ್ಲಿ ಇದ್ದದ್ದು 27 ಜನ. ಅದರಲ್ಲಿ ಮುಸ್ಲಿಮರು 6, ಯಹೂದಿಗಳು 3. ಉಳಿದ 18 ಜನ ಯೂರೋಪ್ ಮತ್ತು ಅಮೆರಿಕದವರು. ಊರಿನಲ್ಲಿ ಅತಿ ಹೆಚ್ಚು ಇದ್ದದ್ದು ಯಾರು? ಮೊರಾಕ್ಕೊದವರೇ. ತಮ್ಮ ಊರಿನಲ್ಲಿ ಅವರಿಗೆ ಸಿಕ್ಕ ಜಾಗ ಮೂರರಲ್ಲಿ ಒಂದು ಪಾಲು, ಅದೂ ಚುನಾವಣೆಯಿಂದ ಅಲ್ಲ. ಯಾರ ಯುಗ ಅದು? ಚಿನ್ನ ಯಾರ ಜೇಬಿಗೆ ಹೋಯಿತು? ಈ ಪ್ರಶ್ನೆ ಕೇಳದೆ ಕಾಫಿ ಹೌಸು, ಗೂಢಚಾರರು, ಕಲಾವಿದರು ಅಂತ ಹೊಗಳುವುದನ್ನು ನಾನು ಒಪ್ಪುವುದಿಲ್ಲ.

1947ರ ಏಪ್ರಿಲ್ 9ರಂದು ಮೊರಾಕ್ಕೊದ ಸುಲ್ತಾನ ಐದನೇ ಮಹಮ್ಮದ್ ಟ್ಯಾಂಜಿಯರಿಗೆ ಬಂದು ಮೆಂದೂಬಿಯಾ ತೋಟದಲ್ಲಿ ಭಾಷಣ ಮಾಡಿದ. ಮೊರಾಕ್ಕೊ ಒಂದೇ ದೇಶ, ಅದು ಒಂದಾಗಿ ಸ್ವತಂತ್ರ ಆಗಬೇಕು ಎಂಬುದು ಅದರ ತಿರುಳು. ಆಗ ಮೊರಾಕ್ಕೊದ ಬಹುಭಾಗ ಫ್ರೆಂಚರ ಹಿಡಿತದಲ್ಲಿತ್ತು; ಅವರು ಬರೆದುಕೊಟ್ಟಿದ್ದ, ಅವರನ್ನೇ ಹೊಗಳುವ ಸಾಲನ್ನು ಅವನು ಓದಲೇ ಇಲ್ಲ. ಆ ತೋಟದ ಮುಂದಿನ ದೊಡ್ಡ ಚೌಕಕ್ಕೆ ಇವತ್ತು ಆ ದಿನದ ಹೆಸರೇ ಇದೆ. ಜನ ಮಾತ್ರ ಈಗಲೂ ಗ್ರಾನ್ ಸೊಕ್ಕೊ ಅಂತಲೇ ಕರೆಯುತ್ತಾರೆ. ನನ್ನ ಮಟ್ಟಿಗೆ ಆ ಊರಿನ 20ನೇ ಶತಮಾನದ ದೊಡ್ಡ ದಿನ ಅದು.

ಅಂಚೆಚೀಟಿ ಅಜ್ಜ

27ರಲ್ಲಿ 9 ಎಂಬುದು ನನಗೆ ಗೊತ್ತಿರಲಿಲ್ಲ. ಚೀಟಿಯಲ್ಲಿ ಅದು ಕಾಣುವುದಿಲ್ಲ ನೋಡಿ. ಆದರೂ ಒಂದು ಮಾತು. ಆ ವಲಯ ಹೋದ ಮೇಲೆ ಊರು ಸೊರಗಿತು ಎಂಬುದೂ ನಿಜ ಅಲ್ವಾ? 1960ರಲ್ಲಿ ವಿಶೇಷ ಸವಲತ್ತು ನಿಂತ ಕೂಡಲೇ ಬ್ಯಾಂಕು, ಕಂಪನಿ ಎಲ್ಲ ಜಾಗ ಖಾಲಿ ಮಾಡಿದವು. ಎಷ್ಟೋ ವರ್ಷ ಆ ಊರನ್ನು ಕೇಳುವವರಿರಲಿಲ್ಲ.

ಕಡಲಂಚು

ನಿಜ ಅಜ್ಜಾ. ಎರಡನೇ ಹಸನ್ ದೊರೆಗೆ ಉತ್ತರದ ಮೇಲೆ ಅಷ್ಟು ಒಲವಿರಲಿಲ್ಲ. 1958ರಲ್ಲಿ ಎದ್ದ ರಿಫ್ ದಂಗೆಯ ನಂತರ ಆ ಭಾಗವೇ ಕಡೆಗಣನೆಗೆ ಒಳಗಾಯಿತು. ಹಣ, ಕಾರ್ಖಾನೆ ಎಲ್ಲ ಕಾಸಾಬ್ಲಾಂಕಾ, ರಬಾತ್ ಕಡೆ. ಆದರೆ ತೆರಿಗೆ ಇಲ್ಲ ಎಂಬ ಒಂದೇ ಕಾರಣಕ್ಕೆ ಬಂದ ದುಡ್ಡು ತೆರಿಗೆ ಬಂದ ದಿನ ಹೋಗುತ್ತದೆ. ಅದೂ ಹಾದುಹೋಗುವ ಸರಕೇ, ಹಡಗಿನ ಹಾಗೆ.

ಹಡಗಿನವ

ಹಾಗಾದರೆ ಈಗಿನ ಕಥೆ ನಾನು ಹೇಳಬೇಕು. ಟ್ಯಾಂಜಿಯರ್ ಹೆಸರಿನ ದೊಡ್ಡ ಬಂದರು ಈಗ ಟ್ಯಾಂಜಿಯರಿನಲ್ಲಿ ಇಲ್ಲ!

ಊರಿಂದ ಸುಮಾರು 40 ಕಿಲೋಮೀಟರ್ ಪೂರ್ವಕ್ಕೆ, ಕ್ಸಾರ್ ಎಸ್‌ಸಗೀರ್ ಪಕ್ಕ, ಜಲಸಂಧಿ ಕಿರಿದಾಗುವ ಕಡೆ 'ಟ್ಯಾಂಜರ್ ಮೆಡ್' ಕಟ್ಟಿದರು. 2007ರಲ್ಲಿ ಶುರುವಾಯಿತು. 2019ರಲ್ಲಿ ಎರಡನೇ ಭಾಗ ಸೇರಿ ಸಾಮರ್ಥ್ಯ ವರ್ಷಕ್ಕೆ 90 ಲಕ್ಷ ಕಂಟೇನರ್ ಆಯಿತು, 20 ಅಡಿ ಪೆಟ್ಟಿಗೆಯ ಲೆಕ್ಕದಲ್ಲಿ. 2024ರಲ್ಲಿ ಅದು ಒಂದು ಕೋಟಿ ದಾಟಿಸಿತು. ಆಫ್ರಿಕಾದಲ್ಲೇ ದೊಡ್ಡದು, ಮೆಡಿಟರೇನಿಯನ್‌ನಲ್ಲೂ ಅದೇ ಮುಂದೆ.

ಹೇಗೆ ನಡೆಯುತ್ತದೆ ಹೇಳುತ್ತೇನೆ. ಜಲಸಂಧಿಯಲ್ಲಿ ಹಡಗುಗಳಿಗೆ ಎರಡು ಲೇನ್ ಇದೆ. ಪೂರ್ವಕ್ಕೆ ಹೋಗುವವರು ಮೊರಾಕ್ಕೊ ಪಕ್ಕ, ಪಶ್ಚಿಮಕ್ಕೆ ಹೋಗುವವರು ಸ್ಪೇನ್ ಪಕ್ಕ. ಬಂದರು ಲೇನಿನ ಪಕ್ಕದಲ್ಲೇ ಇರುವುದರಿಂದ ದೊಡ್ಡ ಹಡಗು ದಾರಿ ಬಿಟ್ಟು ಜಾಸ್ತಿ ಹೋಗಬೇಕಿಲ್ಲ. ಏಷ್ಯಾದಿಂದ ಬಂದ ದೈತ್ಯ ಹಡಗು ಅಲ್ಲಿ ಪೆಟ್ಟಿಗೆ ಇಳಿಸುತ್ತದೆ. ಚಿಕ್ಕ ಹಡಗುಗಳು ಅವನ್ನು ಪಶ್ಚಿಮ ಆಫ್ರಿಕಾಗೋ ಯೂರೋಪಿನ ಸಣ್ಣ ಬಂದರಿಗೋ ಒಯ್ಯುತ್ತವೆ. 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಹಡಗಿನ ಮೇಲೆ ದಾಳಿ ಶುರುವಾದಾಗ ಎಷ್ಟೋ ಹಡಗು ಸೂಯೆಜ್ ಬಿಟ್ಟು ಆಫ್ರಿಕಾ ಸುತ್ತಿ ಬರತೊಡಗಿದವು. ಹಾಗೆ ಸುತ್ತಿ ಬಂದವರಿಗೆ ಮೆಡಿಟರೇನಿಯನ್ ಬಾಗಿಲಲ್ಲಿ ಮೊದಲು ಸಿಗುವ ದೊಡ್ಡ ಬಂದರುಗಳಲ್ಲಿ ಇದೂ ಒಂದು. ನಮ್ಮ ಪಶ್ಚಿಮ ಕರಾವಳಿಯಿಂದ ಹೊರಟ ಪೆಟ್ಟಿಗೆಗಳೂ ಆ ದಾರಿಯಲ್ಲಿ ಹೋಗಿವೆ.

ಮುಂಬಯಿ ಕನ್ನಡತಿ

ಅಂದರೆ ಮತ್ತೆ ಹಾದುಹೋಗುವ ಸರಕೇ? ಅದೇ ಹಳೇ ಕಥೆ ಅಲ್ವಾ?

ಕಡಲಂಚು

ಈ ಸಲ ಒಂದು ವ್ಯತ್ಯಾಸ ಇದೆ ಅಕ್ಕಾ, ನನಗೆ ಅದೇ ಮುಖ್ಯ ಅನ್ನಿಸುತ್ತದೆ. ಬಂದರಿನ ಜೊತೆಗೆ ಹಿನ್ನಾಡನ್ನೂ ಕಟ್ಟಿದರು. ಹೆದ್ದಾರಿ ಬಂತು, ರೈಲು ಬಂತು. 2012ರಲ್ಲಿ ಊರಿನ ಹತ್ತಿರದ ಮೆಲ್ಲೂಸಾದಲ್ಲಿ ರೆನೊ ಕಾರು ಕಾರ್ಖಾನೆ ಶುರುವಾಯಿತು, ಕಾರುಗಳು ನೇರ ರೈಲಿನಲ್ಲಿ ಬಂದರಿಗೆ ಹೋಗುತ್ತವೆ. 2018ರ ನವೆಂಬರಿನಲ್ಲಿ ಅಲ್ ಬುರಾಕ್ ರೈಲು ಬಂತು. ಗಂಟೆಗೆ 320 ಕಿಲೋಮೀಟರ್ ವೇಗ. ಕಾಸಾಬ್ಲಾಂಕಾ ಈಗ 2 ಗಂಟೆ 10 ನಿಮಿಷದ ದಾರಿ. 2024ರ ಜನಗಣತಿಯಲ್ಲಿ ಟ್ಯಾಂಜಿಯರಿನ ಜನಸಂಖ್ಯೆ 12 ಲಕ್ಷ ದಾಟಿದೆ. ಪೋರ್ಚುಗೀಸರಿಗಾಗಲಿ ಇಂಗ್ಲಿಷರಿಗಾಗಲಿ ಇದು ಸಾಧ್ಯವೇ ಇರಲಿಲ್ಲ. ಗೋಡೆಯಾಚೆ ಹೋಗಲು ಅವರಿಗೆ ಆಗುತ್ತಿರಲಿಲ್ಲ. ಬಂದರು ಮತ್ತು ಅದರ ಹಿಂದಿನ ನೆಲ ಒಂದೇ ಕೈಯಲ್ಲಿದ್ದಾಗ ಮಾತ್ರ ಆಗುವ ಕೆಲಸ ಇದು.

ಎಲ್ಲರಿಗೂ ಅದರಿಂದ ಒಳ್ಳೆಯದಾಗಿದೆ ಅಂತ ನಾನು ಹೇಳುತ್ತಿಲ್ಲ. ಮರ್ಶಾನ್ ಬಡಾವಣೆಯಲ್ಲಿ ಕಡಲ ಅಂಚಿನ ಬಂಡೆಯ ಮೇಲೆ ಫಿನೀಷಿಯನ್ ಕಾಲದ ಗೋರಿಗಳಿವೆ. ಬಂಡೆಯಲ್ಲಿ ಕೊರೆದ ಉದ್ದನೆಯ ಗುಳಿಗಳು, ಒಬ್ಬ ಮನುಷ್ಯ ಮಲಗುವಷ್ಟು, ಮಳೆ ಬಂದರೆ ನೀರು ತುಂಬಿರುತ್ತದೆ. ಸಂಜೆ ಹೊತ್ತು ಊರಿನ ಹುಡುಗರು ಅವುಗಳ ಅಂಚಿನಲ್ಲಿ ಕೂತು ಎದುರಿನ ಸ್ಪೇನ್ ನೋಡುತ್ತಾರೆ. 1991ರವರೆಗೆ ಅವರ ಅಪ್ಪಂದಿರು ವೀಸಾ ಇಲ್ಲದೆ ಹೋಗಿ ಬರುತ್ತಿದ್ದರು. ಆ ವರ್ಷ ಸ್ಪೇನ್ ವೀಸಾ ಕಡ್ಡಾಯ ಮಾಡಿತು. ಅಂದಿನಿಂದ ಪುಟ್ಟ ದೋಣಿಗಳಲ್ಲಿ ದಾಟಲು ಹೋಗಿ ಎಷ್ಟೋ ಜನ ಈ ನೀರಿನಲ್ಲಿ ಸತ್ತಿದ್ದಾರೆ. ಪೆಟ್ಟಿಗೆಗಳಿಗೆ ತೆರೆದಿರುವ ದಾರಿ ಮನುಷ್ಯರಿಗೆ ಮುಚ್ಚಿದೆ. ಟ್ಯಾಂಜಿಯರಿನ ಬಗ್ಗೆ ಯಾರು ಏನೇ ಬರೆದರೂ ಇದನ್ನು ಬಿಟ್ಟು ಬರೆಯಬಾರದು.

ಪ್ರಶ್ನೆಪೆಟ್ಟಿಗೆ

ಇಷ್ಟೆಲ್ಲ ಓದಿದ ಮೇಲೆ ಹೋಗಿ ನೋಡಬೇಕು ಅನ್ನಿಸಿದೆ. ಎಲ್ಲಿ ಏನು ನೋಡಬೇಕು, ಏನು ತಿನ್ನಬೇಕು ಸ್ವಲ್ಪ ಹೇಳಿ. ಸ್ಪೇನಿನಿಂದ ಹಡಗಿನಲ್ಲಿ ಬರಬಹುದಾ?

ಕಡಲಂಚು

ಖಂಡಿತ ಹೋಗಿ. ಕಸ್ಬಾ ಮ್ಯೂಸಿಯಂನಿಂದ ಶುರು ಮಾಡಿ, ರೋಮನ್ ಕಾಲದ ವಸ್ತುಗಳು ಅಲ್ಲಿವೆ. ಅಲ್ಲಿಂದ ಗೋರಿಗಳ ಕಡೆ ನಡೆದರೆ 1921ರಿಂದ ಇರುವ ಹಾಫಾ ಕೆಫೆ ಸಿಗುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಜಗಲಿ, ಪುದೀನ ಚಹಾ, ಎದುರಿಗೆ ಪೂರ್ತಿ ಜಲಸಂಧಿ. ಪೇಟೆಯಲ್ಲಿ ಕಲಿಂತೆ ತಿನ್ನಿ. ಕಡಲೆಹಿಟ್ಟು, ನೀರು, ಎಣ್ಣೆ, ಮೊಟ್ಟೆ ಕಲಸಿ ದೊಡ್ಡ ತಟ್ಟೆಯಲ್ಲಿ ಸುಟ್ಟು, ಚೌಕಾಗಿ ಕೊಯ್ದು, ಮೇಲೆ ಜೀರಿಗೆ ಪುಡಿ, ಖಾರದ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ಮೇಲ್ಭಾಗ ಕಂದು ಬಣ್ಣ, ಒಳಗೆ ಮೆತ್ತಗೆ. ಮೊಟ್ಟೆ ತಿನ್ನದವರು ಮೊದಲೇ ಕೇಳಿಕೊಳ್ಳಿ. ಹರ್ಕ್ಯುಲಿಸ್ ಗುಹೆಗೂ ಹೋಗಿ, ಸ್ಪಾರ್ಟೆಲ್ ಹತ್ತಿರವೇ ಇದೆ. ಗುಹೆಯ ಒಳಗೋಡೆಯ ತುಂಬ ದುಂಡು ದುಂಡು ಗುರುತು ಕಾಣುತ್ತದೆ. ಹಿಂದೆ ಜನ ಅಲ್ಲಿಂದ ಬೀಸುವ ಕಲ್ಲು ಕಡಿದು ಒಯ್ಯುತ್ತಿದ್ದರು.

ಹಡಗಿನವ

ಹಡಗಿನ ವಿಷಯ ನಾನು ಹೇಳುತ್ತೇನೆ. ಊರಿನ ಹಳೇ ಬಂದರಿಗೆ ಬರಬೇಕಾದರೆ ಸ್ಪೇನಿನ ತರೀಫಾದಿಂದ ಹತ್ತಿ, ಹೆಚ್ಚೂಕಮ್ಮಿ ಒಂದು ಗಂಟೆ. ಇಳಿದರೆ ಹಳೇ ಪೇಟೆಗೆ ನಡೆದೇ ಹೋಗಬಹುದು. ಅಲ್ಜೆಸಿರಾಸ್‌ನಿಂದ ಹತ್ತಿದರೆ ಟ್ಯಾಂಜರ್ ಮೆಡ್‌ಗೆ ಬಿಡುತ್ತಾರೆ, ಅಲ್ಲಿಂದ ಊರಿಗೆ ಬಸ್ಸೋ ಟ್ಯಾಕ್ಸಿಯೋ ಹಿಡಿಯಬೇಕು. ಟಿಕೆಟ್ ತೆಗೆಯುವಾಗ ಎರಡು ಬಂದರಿನ ಹೆಸರು ಸರಿಯಾಗಿ ನೋಡಿಕೊಳ್ಳಿ. ಶೆರ್ಗಿ ಜೋರಾದರೆ ತರೀಫಾ ಹಡಗು ರದ್ದಾಗುತ್ತದೆ, ಹಾಗಾಗಿ ವಾಪಸ್ ವಿಮಾನ ಅದೇ ದಿನಕ್ಕೆ ಇಟ್ಟುಕೊಳ್ಳಬೇಡಿ. ನಮ್ಮ ಪಾಸ್‌ಪೋರ್ಟಿಗೆ ಎರಡೂ ದಡದ ವೀಸಾ ಬೇಕು, ಮೊರಾಕ್ಕೊದಿಂದ ಮತ್ತೆ ಸ್ಪೇನಿಗೆ ಬರುವವರು ಷೆಂಗನ್ ವೀಸಾದಲ್ಲಿ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಅವಕಾಶ ಇದೆಯೇ ಅಂತ ನೋಡಿಕೊಳ್ಳಿ.